ಸ್ಪೀಕರ್ ಬಂದ್ ಮಾಡ್ರಿ ಮೊದಲ

ನಮ್ಮ ಓಣಿಯಲ್ಲಿ ಮೊಬೈಲಿಗೆ ರೇಂಜ್ ಸಿಗುವುದು ಒಂದೇ ಕಡೆ. ಹಾಸಿಗೆ ಗಾದಿ ಹೊಲಿಯುವ ದಾವಲಮಲಿಕನ ಮನೆಯ ಮುಂದಿನ ಕಟ್ಟೆಯ ಮೇಲೆ. ಮನೆಯೊಳಗೆ ಹೋದರೆ ಮಾತು ಕಡಿಯುತ್ತದೆ. ಹಿತ್ತಲಿಗೆ ಹೋದರೆ ಫೋನು ಇದ್ದೂ ಇಲ್ಲದ ಹಾಗೆ. ಆಲಮೇಲದಿಂದ ಬಸ್ಸಿನಲ್ಲಿ ಅರ್ಧ ತಾಸಿನ ಊರು ನಮ್ಮದು. ಟವರ್ ಬರುತ್ತದೆ, ಇಗೋ ಬಂತು ಎಂದು ಮೂರು ಚುನಾವಣೆಯಿಂದ ಕೇಳುತ್ತಿದ್ದೇವೆ.

ಹೀಗಾಗಿ ಯಾರಿಗೆ ಫೋನ್ ಬಂದರೂ ಆ ಕಟ್ಟೆಗೇ ಓಡಬೇಕು. ದಾವಲಮಲಿಕನ ತಾಯಿ ಪೀರಬಿಗೆ ಕಿವಿ ಮಂದ. ಅದಕ್ಕೆ ಆ ಮನೆಯವರು ಫೋನನ್ನು ಕಿಟಕಿಯಲ್ಲಿಟ್ಟು ಸ್ಪೀಕರ್ ಹಾಕುವ ರೂಢಿ ಮಾಡಿಕೊಂಡಿದ್ದರು. ಅವರ ಮನೆಯ ಮಾತು ಓಣಿಯ ಮಾತಾಗುತ್ತಿತ್ತು. ಇದರಲ್ಲಿ ತಪ್ಪೇನಿದೆ ಎಂದು ನಮಗ್ಯಾರಿಗೂ ಅನಿಸಿರಲಿಲ್ಲ. ನಮ್ಮ ಓಣಿಯಲ್ಲಿ ಮುಚ್ಚುಮರೆ ಇಲ್ಲ ಎಂದು ಹೆಮ್ಮೆಪಡುತ್ತಿದ್ದೆವು.

ನಾನು ರೇಣುಕಾ. ಹದಿಮೂರು ವರ್ಷದಿಂದ ಈ ಊರಿನ ಆಶಾ ಕಾರ್ಯಕರ್ತೆ. ಯಾರ ಬಿಪಿ ಎಷ್ಟು, ಯಾರ ಕೂಸಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲ ನನಗೆ ಬಾಯಿಪಾಠ. ನನಗೆ ಗೊತ್ತಿಲ್ಲದ ಕಾಯಿಲೆ ಈ ಊರಲ್ಲಿ ಇಲ್ಲ ಅನ್ನುವ ಸೊಕ್ಕೂ ಸ್ವಲ್ಪ ಇತ್ತು. ಆ ಸೊಕ್ಕು ಹೇಗೆ ಇಳಿಯಿತು ಎಂದು ಹೇಳಲಿಕ್ಕೇ ಇದನ್ನು ಬರೆದಿದ್ದೇನೆ. ನಿಮ್ಮ ಊರಿನ ಸಂಘದ ಸಭೆಯಲ್ಲಿ ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿ.

ದಾವಲಮಲಿಕ ಮತ್ತು ಅಬಿದಾ ಅವರಿಗೆ ಒಬ್ಬಳೇ ಮಗಳು, ಫಿರದೋಸ. ಸಿಂದಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಡಿಗ್ರಿ ಮುಗಿಸಿದಳು. ಗಣಿತ ಎಂದರೆ ಆ ಹುಡುಗಿಗೆ ಆಟ. ಹೋದ ವರ್ಷ ಆಗಸ್ಟಿನಲ್ಲಿ ದೂರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಆ ವಿಶ್ವವಿದ್ಯಾಲಯದ ಹೆಸರು ನಾನು ಹೇಳುವುದಿಲ್ಲ. ಈ ಕಥೆಯಲ್ಲಿ ದೊಡ್ಡ ತಪ್ಪು ನಮ್ಮ ಕಟ್ಟೆಯದು.

ಮಗಳು ಹೊರಡುವ ಮುಂಚೆ ದಾವಲಮಲಿಕ ಹದಿನೈದು ದಿನ ಬೇರೆಯವರ ಕೆಲಸ ಬದಿಗಿಟ್ಟ. ಹೊಸ ಹತ್ತಿ ತಂದು, ಎರಡೆರಡು ಸಲ ಹಿಂಜಿ, ಗಾದಿ ಹೊಲಿದ. ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಹೂವು ಹಾಕಿದ. ಬಸ್ಸಿನ ಮೇಲೆ ಅದನ್ನು ಕಟ್ಟುವಾಗ ಇಡೀ ಓಣಿ ಅಲ್ಲಿತ್ತು. ನಾನೂ ಇದ್ದೆ. ಕಣ್ಣೊರೆಸಿಕೊಳ್ಳುತ್ತಾ ಚೇಷ್ಟೆ ಮಾಡಿದೆ.

“ಏ ಫಿರದೋಸ, ಊರಿಗಿ ಗೋಲ್ಡ್ ಮೆಡಲ್ ಇಲ್ಲದ ಬರಬ್ಯಾಡ ನೋಡ ಮತ್ತ!”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ನನ್ನ ಒಂದು ಕೈ ಕೊಟ್ಟೇನು.

ಪ್ರತಿ ಭಾನುವಾರ ಸಂಜೆ ಐದಕ್ಕೆ ಅವಳ ಫೋನ್ ಬರುತ್ತಿತ್ತು. ನಾಲ್ಕೂವರೆಗೇ ಕಟ್ಟೆ ತುಂಬುತ್ತಿತ್ತು. ಎದುರು ಮನೆಯ ಧೂಳಪ್ಪಜ್ಜ ಕೋಲೂರಿಕೊಂಡು ಬಂದು ಕಿಟಕಿಯ ಹತ್ತಿರದ ಜಾಗ ಹಿಡಿಯುತ್ತಿದ್ದ. ಮೊದಲ ಫೋನು ನನಗೆ ಚೆನ್ನಾಗಿ ನೆನಪಿದೆ.

“ಅವ್ವಾ, ಇಲ್ಲಿ ಭಾಳ ದೊಡ್ಡದೈತಿ. ಲೈಬ್ರರಿಗಿ ಹೋಗಾಕ ಒಳಗಿಂದೊಳಗ ಬಸ್ ಹತ್ತಬೇಕು. ನಮ್ಮ ಕ್ಲಾಸಿನ್ಯಾಗ ನೂರಾ ಹತ್ತ ಮಂದಿ ಅದಾರ.”

“ಭೇಷ್!” ಎಂದ ಧೂಳಪ್ಪಜ್ಜ. “ನೂರಾ ಹತ್ತ ಮಂದ್ಯಾಗ ನೀನ ಮೊದಲನೇದಾಕಿ ಆಗಬೇಕು. ನಮ್ಮ ಯಲ್ಲಾಲಿಂಗಗ ದಿನಾ ನಿನ್ನ ಹೆಸರ ಹೇಳಿ ಬೈತೇನಿ.” ಯಲ್ಲಾಲಿಂಗ ಅವನ ಮೊಮ್ಮಗ. ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದ.

“ಹೂಂ ಅಜ್ಜಾ.”

“ಊಟ ಆತೇನವಾ?” ಎಂದು ಅಬಿದಾ ಕೇಳಿದಳು.

“ಆತವ್ವಾ. ಆರಾಮ ಅದೇನಿ.”

ಎರಡು ತಿಂಗಳು ಹೀಗೇ ನಡೆಯಿತು. ಅವಳ ಮಾತು ಮಾತ್ರ ವಾರದಿಂದ ವಾರಕ್ಕೆ ಸಣ್ಣದಾಗುತ್ತಾ ಹೋಯಿತು. ಓದಿನ ಭಾರ ಎಂದುಕೊಂಡೆವು. ದಸರೆಯ ಸೂಟಿಗೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ ಎಂದಳು. ಆ ಭಾನುವಾರ ಅವಳು ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಕೇಳಿದಳು.

“ಅವ್ವಾ, ಸ್ಪೀಕರ್ ಹಾಕೀರೇನ?”

“ಹೌದವಾ! ಎಲ್ಲಾರೂ ಅದಾರ. ರೇಣುಕಾ ಚಿಗವ್ವನೂ ಬಂದಾಳ. ಮಾತಾಡು.”

ರೇಂಜ್ ಹೋಯಿತೇನೋ ಎಂದು ದಾವಲಮಲಿಕ ಫೋನನ್ನು ಎತ್ತಿ ಅಲ್ಲಾಡಿಸಿದ.

“ಏನಿಲ್ಲವ್ವಾ,” ಎಂದಳು ಫಿರದೋಸ. “ಆರಾಮ ಅದೇನಿ.”

ಡಿಸೆಂಬರಿನಲ್ಲಿ ಇನ್ನೊಂದು ಸಲ ಅದೇ ಪ್ರಶ್ನೆ ಕೇಳಿದಳು. ಸ್ಪೀಕರ್ ಐತೇನವ್ವಾ? ಅಬಿದಾ ಅದೇ ಉತ್ತರ ಕೊಟ್ಟಳು. ನಾನು ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದೆ. ಕೂಸಿನ ಅಳು ಕೇಳಿ ಇದು ಹಸಿವಿನದು, ಇದು ಹೊಟ್ಟೆನೋವಿನದು ಎಂದು ಹೇಳುವವಳು ನಾನು. ಈ ಪ್ರಶ್ನೆ ಏನೆಂದು ನನಗೆ ತಿಳಿಯಲಿಲ್ಲ.

ಜನವರಿಯ ಮೂರನೇ ಭಾನುವಾರ ಐದಕ್ಕೆ ಫೋನ್ ಬಂತು. ದಾವಲಮಲಿಕ ರೂಢಿಯಂತೆ ಗುಂಡಿ ಒತ್ತಿ ಕಿಟಕಿಯಲ್ಲಿಟ್ಟ. ಅದು ಫಿರದೋಸಳ ದನಿಯಲ್ಲ.

“ಫಿರದೋಸನ ಅಪ್ಪಾರೇನ್ರಿ? ನಾ ನಿಷತ ಅಂತ್ರಿ, ಮುದ್ದೇಬಿಹಾಳದಾಕಿ. ಆಕಿ ಬಾಜೂ ಖೋಲಿಯೊಳಗ ಇರ್ತೇನ್ರಿ. ಸ್ಪೀಕರ್ ಬಂದ್ ಮಾಡ್ರಿ ಮೊದಲ.”

ಕಟ್ಟೆಯ ಮೇಲಿದ್ದ ಹದಿನಾಲ್ಕು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಾವಲಮಲಿಕ ತಡವರಿಸುತ್ತಾ ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದ. ಕೇಳುತ್ತಾ ಕೇಳುತ್ತಾ ಕಟ್ಟೆಯ ಮೇಲೆ ಕುಕ್ಕರಿಸಿದ. ಫೋನ್ ಮುಗಿದ ಮೇಲೂ ಅದನ್ನು ಕಿವಿಯಿಂದ ತೆಗೆಯಲಿಲ್ಲ.

ನಾನು ಎಲ್ಲರನ್ನೂ ಎಬ್ಬಿಸಿ ಕಳಿಸಿ ಮನೆಯೊಳಗೆ ಹೋದೆ.

“ಆಕಿ ಎರಡ ತಿಂಗಳಾತಂತ ಕ್ಲಾಸಿಗಿ ಹೋಗವಲ್ಲಂತ,” ಎಂದ ದಾವಲಮಲಿಕ. “ಉಣವಲ್ಲಂತ. ಏಳವಲ್ಲಂತ. ಹಾಜರಿ ಇಲ್ಲಂತ ಪರೀಕ್ಷೆಗಿ ಕೂಡಾಕ ಬಿಟ್ಟಿಲ್ಲಂತ. ಮತ್ತ ಮೊನ್ನೆ ಪೇಪರ್ ಸರಳ ಬಂದಿತ್ತಂತ ನಮಗ ಹೇಳಿದ್ಲಲ್ಲ ರೇಣುಕಾ?”

ಪೀರಬಿ ತಲೆ ಮೇಲೆ ಸೆರಗೆಳೆದುಕೊಂಡಳು. “ಯಾರದೋ ಕಣ್ಣ ಬಿದ್ದೈತಿ. ದರ್ಗಾದಾಗ ತಾಯತಾ ಮಾಡಿಸಿ ಕಳಸ್ರಿ.”

“ತಾಯತಾ ಕಟ್ಟ್ರಿ ಅಜ್ಜಿ, ನಾ ಬ್ಯಾಡನ್ನಂಗಿಲ್ಲ,” ಎಂದೆ. “ಆದ್ರ ಇದು ಮನಸಿನ ಬ್ಯಾನಿ ಕಾಣಸ್ತೈತಿ. ಡಾಕ್ಟರಿಗಿ ತೋರಸಬೇಕು. ದಾವಲಣ್ಣ, ನಾವು ಇವತ್ತ ಬಸ್ ಹತ್ತೂಣು.”

“ಮನಸಿನ ಡಾಕ್ಟರ್ ಅಂದ್ರ ಹುಚ್ಚರ ಡಾಕ್ಟರ್!” ದಾವಲಮಲಿಕ ಗದರಿದ. “ನನ್ನ ಮಗಳಿಗಿ ಹುಚ್ಚ ಹಿಡದಿಲ್ಲ. ಮೈಗಳ್ಳತನಾ ಕಲತಾಳ ಅಷ್ಟ. ನಾಕ ಮಾತ ಬೈದ್ರ ಎದ್ದ ಕೂಡ್ತಾಳ. ಅಲ್ಲಿ ತೋರಸಿದ್ವಿ ಅಂದ್ರ ನಾಳೆ ಆಕಿನ್ನ ಯಾರ ಲಗ್ನಾ ಮಾಡ್ಕೋತಾರ?”

ಅಬಿದಾ ಒಲೆಯ ಮುಂದೆ ಕೂತೇ ಹೇಳಿದಳು.

“ಲಗ್ನಾ ಮಾಡಾಕ ಮಗಳ ಇರಬೇಕಲ್ರಿ.”

ಆ ರಾತ್ರಿಯೇ ಬಸ್ ಹತ್ತಿ, ಮರುದಿನ ಮುಂಜಾನೆ ನಾನು ಮತ್ತು ದಾವಲಮಲಿಕ ಆ ದೊಡ್ಡ ಊರಿನಲ್ಲಿ ಇಳಿದೆವು. ವಿಶ್ವವಿದ್ಯಾಲಯದ ಗೇಟಿನಿಂದ ಹುಡುಗಿಯರ ಹಾಸ್ಟೆಲ್ಲಿಗೆ ಮುಕ್ಕಾಲು ತಾಸು ನಡೆದೆವು. ನಾಲ್ಕು ಜನರನ್ನು ದಾರಿ ಕೇಳಿದೆವು. ನಾಲ್ವರೂ ಕೈ ತೋರಿಸಿ ಮುಂದೆ ಹೋದರು. ನಮ್ಮ ಊರಲ್ಲಾದರೆ ಯಾರ ಮನೆಯವರು, ಯಾಕೆ ಬಂದಿರಿ ಎಂದು ಕೇಳದೆ ಒಬ್ಬರೂ ಬಿಡುವುದಿಲ್ಲ. ಈ ದಾರಿಯಲ್ಲಿ ಆ ಹುಡುಗಿ ಐದು ತಿಂಗಳು ಒಬ್ಬಳೇ ನಡೆದಿದ್ದಾಳೆ ಎಂದು ನೆನೆಯುತ್ತಾ ನಡೆದೆ.

ಹಾಸ್ಟೆಲ್ಲಿನ ಒಳಗೆ ಗಂಡಸರನ್ನು ಬಿಡುವುದಿಲ್ಲ. ದಾವಲಮಲಿಕ ಗೇಟಿನಲ್ಲೇ ನಿಂತ. ನಿಷತ ಬಂದು ನನ್ನನ್ನು ಕರೆದುಕೊಂಡು ಹೋದಳು. ಸಣಕಲು ಹುಡುಗಿ. ಎರಡನೇ ವರ್ಷದಲ್ಲಿ ಓದುತ್ತಾಳೆ. ಮೆಟ್ಟಿಲು ಹತ್ತುತ್ತಾ ಹೇಳಿದಳು.

“ನಾನೂ ಮೊದಲನೇ ವರ್ಷ ಮೂರ ತಿಂಗಳಾ ಅತ್ತೇನ್ರಿ. ನನಗ ನಮ್ಮ ಅಣ್ಣನ ಮುಂದ ಹೇಳಾಕ ಬಂತು. ಅದೊಂದ ಫರಕ್ ನೋಡ್ರಿ. ಆಕಿ ಇಷ್ಟ ಸೊರಗ್ಯಾಳಂತ ನನಗೂ ಲಗೂ ತಿಳೀಲಿಲ್ಲ. ಬಾಜೂಕ ಇದ್ದ ನನಗ ತಿಳೀಲಿಲ್ಲ ನೋಡ್ರಿ.”

ಕಿಟಕಿಗೆ ದುಪಟ್ಟಾ ಕಟ್ಟಿದ್ದ ಕೋಣೆ. ಮೊದಲು ನನಗೆ ಕಂಡದ್ದು ಕೆಂಪು ದಾರದ ಆ ಹೂವು. ಅದರ ಪಕ್ಕದಲ್ಲಿ ಗೋಡೆಯ ಕಡೆ ಮುಖ ಮಾಡಿ ಫಿರದೋಸ ಮಲಗಿದ್ದಳು. ಬೆನ್ನಿನ ಎಲುಬು ಕುರ್ತಾದ ಮೇಲೆಯೇ ಎಣಿಸುವ ಹಾಗಿತ್ತು. ಕೂದಲು ಜಡೆಗಟ್ಟಿತ್ತು. ಮಂಚದ ಕೆಳಗೆ ಅಬಿದಾ ಬಸ್ಸಿನಲ್ಲಿ ಕಳಿಸಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟುಗಳು ಮೂರು ಇದ್ದವು. ಒಂದನ್ನೂ ಬಿಚ್ಚಿರಲಿಲ್ಲ.

“ಫಿರದೋಸ, ನಾನವ್ವಾ. ರೇಣುಕಾ ಚಿಗವ್ವ.”

ಅವಳು ತಿರುಗಲಿಲ್ಲ. ನಾನು ಹೋಗಿ ಗಾದಿಯ ಅಂಚಿನಲ್ಲಿ ಕೂತೆ. ಅವಳು ಗೋಡೆಯ ಜೊತೆ ಮಾತಾಡುವವಳ ಹಾಗೆ ಶುರುಮಾಡಿದಳು.

“ಮೊದಲನೇ ವಾರ ನಾ ಕ್ಲಾಸಿನ್ಯಾಗ ಎದ್ದ ನಿಂತ, ತಿಳಿವಲ್ದ್ರಿ ಸರ್ ಅಂದ್ಯಾ. ಎಲ್ಲಾರೂ ನಕ್ಕರು. ಸರ್ ನಗಲಿಲ್ಲ. ಆದ್ರ ತಿರುಗಿ ಹೇಳಲೂ ಇಲ್ಲ. ಎಲ್ಲಾ ಇಂಗ್ಲಿಷಿನ್ಯಾಗ ಓಡ್ತೈತಿ ಚಿಗವ್ವಾ. ನನಗ ಬರತಿದ್ದ ಗಣಿತಾನೂ ಬರದಂಗಾತು. ಊಟಕ್ಕ ಯಾರೂ ಕರೀತಿದ್ದಿಲ್ಲ. ಒಬ್ಬಾಕೀನ ಕೂಡಾಕ ನಾಚಿಕಿ ಬಂದು, ಹೋಗೂದ ಬಿಟ್ಟ್ಯಾ. ಒಂದ ಸಲ ಎಣಿಸಿದ್ಯಾ. ಹನ್ನೊಂದ ದಿನಾ ಇಲ್ಲಿ ನನ್ನ ಹೆಸರ ಹಿಡದ ಒಬ್ಬರೂ ಕರದಿದ್ದಿಲ್ಲ.”

“ನಮ್ಮ ಮುಂದ ಯಾಕ ಹೇಳಲಿಲ್ಲವ್ವಾ?”

ಆಗ ತಿರುಗಿದಳು. ಆ ಕಣ್ಣು ನಾನು ಮರೆಯುವುದಿಲ್ಲ.

“ಯಾರ ಮುಂದ ಹೇಳಲಿ? ಫೋನ್ ಹಚ್ಚಿದ್ರ ಇಡೀ ಓಣಿ ಇರ್ತಿತ್ತು. ನಾ ಅಳಾಕಂತ ಫೋನ್ ಮಾಡ್ತಿದ್ಯಾ. ನೀವು ಭೇಷ್ ಅಂತಿದ್ರಿ.”

“ಊರಿಗರೆ ಬರಬೇಕಿತ್ತಲ್ಲ!”

“ಮೆಡಲ್ ಇಲ್ಲದ ಬರಬ್ಯಾಡಂತ ನೀನ ಹೇಳಿದ್ದಿ.”

ಅದನ್ನು ಚೇಷ್ಟೆಗೆ ಅಂದಿದ್ದೆ. ಆಶಾ ತರಬೇತಿಯಲ್ಲಿ ಕಲಿಸಿದ್ದ ಒಂದು ಮಾತು ಆಗ ನೆನಪಾಯಿತು. ಇಂಥವರನ್ನು ನೇರವಾಗಿ ಕೇಳಬೇಕು. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂದು ಹೆದರಬಾರದು. ಕೇಳಿದರೆ ಅವರ ಎದೆ ಹಗುರಾಗುತ್ತದೆ. ಅವಳ ಕೈ ಹಿಡಿದು ಕೇಳಿದೆ.

“ಜೀವಾ ಕಳಕೋಬೇಕಂತ ಅನಿಸಿತ್ತೇನವ್ವಾ?”

ಅವಳು ತಲೆಯಾಡಿಸಿದಳು. ಹೌದು ಎಂದು. ಆಮೇಲೆ ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಐದು ತಿಂಗಳ ಅಳು ಅದು. ನಾನು ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಲಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ, ಹಾಸ್ಟೆಲ್ಲಿನಿಂದ ಹತ್ತು ನಿಮಿಷದ ದಾರಿಯಲ್ಲಿ, ಆಪ್ತ ಸಮಾಲೋಚನೆಯ ಕೋಣೆ ಇತ್ತು. ದುಡ್ಡು ಕೇಳುವುದಿಲ್ಲ. ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ. ಇಂಗ್ಲಿಷ್ ಕಷ್ಟವಾದವರಿಗೆ ಸಂಜೆ ಬೇರೆ ಪಾಠವೂ ಇತ್ತು. ಎಲ್ಲ ಇತ್ತು. ನೋಟಿಸ್ ಬೋರ್ಡಿನಲ್ಲಿ, ಇಂಗ್ಲಿಷಿನಲ್ಲಿ, ನಲವತ್ತು ಕಾಗದಗಳ ನಡುವೆ ಅಂಟಿಸಿದ್ದರು. ಅಲ್ಲಿಯ ಸಮಾಲೋಚಕಿ ನಮ್ಮ ಮೂವರನ್ನೂ ಕೂರಿಸಿ, ನೀರು ಕೊಟ್ಟು, ಮನೋವೈದ್ಯರಿಗೆ ತಾನೇ ಫೋನ್ ಮಾಡಿ ಅವತ್ತೇ ತೋರಿಸಿದಳು.

“ಹುಚ್ಚೇನ್ರಿ ಮೇಡಮ್?” ದಾವಲಮಲಿಕ ನೆಲ ನೋಡುತ್ತಾ ಕೇಳಿದ.

“ಅಲ್ಲ ಯಜಮಾನ್ರೇ. ಇದು ಖಿನ್ನತೆ, ಒಂದು ಕಾಯಿಲೆ. ಇದಕ್ಕೆ ಔಷಧಿ ಇದೆ. ಮೊದಲ ತಿಂಗಳಲ್ಲೇ ಬಂದಿದ್ರೆ ಬೇಗ ಸುಧಾರಿಸ್ತಿದ್ಲು. ಈಗ ನಿಧಾನ ಆಗುತ್ತೆ. ನೀವು ತಾಳ್ಮೆಯಿಂದ ಇರಬೇಕು.”

ಅವನು ಹೂಂ ಎಂದ. ಆದರೆ ನಂಬಿರಲಿಲ್ಲ. ಮಗಳನ್ನು ಊರಿಗೆ ಕರೆತಂದ ಮೇಲೂ ಒಳಗೊಳಗೇ ಗೊಣಗುತ್ತಿದ್ದ. ಗುಳಿಗೆ ನುಂಗಿ ಮಲಗುತ್ತಾಳೆ, ಎರಡು ದಿನ ನನ್ನ ಜೊತೆ ಕೆಲಸಕ್ಕೆ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ನನ್ನ ಮುಂದೆಯೇ ಅಂದ.

ಒಂದು ದಿನ ಹಾಸ್ಟೆಲ್ಲಿನಿಂದ ವಾಪಸ್ ಬಂದ ಗಾದಿಯನ್ನು ಬಿಚ್ಚಿ ಮತ್ತೆ ಹಿಂಜಲು ಕೂತ. ನಾನು ಫಿರದೋಸಳ ಗುಳಿಗೆ ಕೊಡಲು ಹೋಗಿದ್ದೆ. ಹೊಲಿಗೆ ಬಿಚ್ಚಿದವನು ಹಾಗೇ ಕೂತುಬಿಟ್ಟಿದ್ದ. ಮುಂದೆ ಹತ್ತಿ ಹರಡಿತ್ತು. ಅದರ ಒಂದರ್ಧ ಹೊಸದರ ಹಾಗೆಯೇ ಹಗುರಾಗಿ ಇತ್ತು. ಇನ್ನರ್ಧದಲ್ಲಿ ಒಂದು ಮನುಷ್ಯಾಕಾರ, ಗಟ್ಟಿಯಾಗಿ, ಚಪ್ಪಟೆಯಾಗಿ ಗಡ್ಡೆ ಕಟ್ಟಿತ್ತು. ಭುಜದ ಜಾಗ, ಸೊಂಟದ ಜಾಗ ಎಲ್ಲ ಗುರುತು ಹಿಡಿಯುವ ಹಾಗಿತ್ತು.

“ಮೂವತ್ತ ವರ್ಷಾತು ರೇಣುಕಾ, ಈ ಕೆಲಸಾ ಮಾಡಾಕತ್ತು,” ಎಂದ. “ಆರ ವರ್ಷ ಮಲಗಿದ ಗಾದೀನೂ ಹಿಂಗ ಆಗಂಗಿಲ್ಲ. ಮನಷಾ ಹೊಳ್ಳಾಡ್ತಾನ, ಹತ್ತಿ ಎಲ್ಲಾ ಕಡೆ ಕೂಡ್ತೈತಿ. ಲಕವಾ ಹೊಡದವ್ರ ಗಾದಿ ಹಿಂಗ ಆಗ್ತೈತಿ. ನನ್ನ ಮಗಳು ಮಗ್ಗಲಾ ಬದಲಿ ಮಾಡಾಕೂ ತ್ರಾಣಿಲ್ಲದ ಬಿದ್ದಿದ್ಲು. ನಾ ಮೈಗಳ್ಳತನಾ ಅಂದ್ಯಾ.”

ಹತ್ತಿಯಲ್ಲಿ ಮುಖ ಹುದುಗಿಸಿ ಅತ್ತ. ಆ ಗಂಡಸು ಅತ್ತದ್ದನ್ನು ನಾನು ಅದೇ ಮೊದಲು ನೋಡಿದೆ. ಅಂದಿನಿಂದ ಗುಳಿಗೆಯ ವೇಳೆ ತಪ್ಪಿಸದವನು ಅವನೇ. ಡಾಕ್ಟರು ಹೇಳಿದ ದಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗುವವನೂ ಅವನೇ.

ಇಲ್ಲಿಗೆ ಎಲ್ಲ ಒಳ್ಳೆಯದಾಯಿತು ಎಂದು ಬರೆಯಲು ನನಗೂ ಆಸೆ. ಆಗಿಲ್ಲ. ವರ್ಷ ಹೋಯಿತು. ಸೀಟು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಫಿರದೋಸ ದಿನಕ್ಕೆ ಒಂದು ರೊಟ್ಟಿ ತಿನ್ನುತ್ತಾಳೆ. ಕೂದಲು ಬಾಚಿಕೊಳ್ಳುತ್ತಾಳೆ. ಯಾರ ಫೋನ್ ರಿಂಗಾದರೂ ಎದ್ದು ಒಳಗೆ ಹೋಗುತ್ತಾಳೆ. ಗಣಿತದ ಪುಸ್ತಕಗಳು ಟ್ರಂಕಿನಲ್ಲಿವೆ. ಕೆಲವು ದಿನ ಅವಳ ಮುಖ ನೋಡಿದರೆ, ಆ ಹಳೆಯ ಹುಡುಗಿ ತಿರುಗಿ ಬರುವುದೇ ಇಲ್ಲವೇನೋ ಅನಿಸುತ್ತದೆ. ಅಂಥ ದಿನ ನನಗೆ ಊಟ ಸೇರುವುದಿಲ್ಲ.

ಈ ಆಗಸ್ಟಿನಲ್ಲಿ ಧೂಳಪ್ಪಜ್ಜನ ಮೊಮ್ಮಗ ಯಲ್ಲಾಲಿಂಗನಿಗೂ ದೂರದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಮೊದಲ ಭಾನುವಾರ ಐದಕ್ಕೆ ಫೋನ್ ಬಂತು. ಕಟ್ಟೆ ಮತ್ತೆ ತುಂಬಿತ್ತು. ನಮಗೆ ಬುದ್ಧಿ ಬರುವುದು ಅಷ್ಟು ಬೇಗವೇ? ಧೂಳಪ್ಪಜ್ಜ ಫೋನನ್ನು ಕಿಟಕಿಯಲ್ಲಿಟ್ಟು ಸ್ಪೀಕರ್ ಹಾಕಿದ.

“ಅಜ್ಜಾ, ಆರಾಮ ಅದೇನಿ,” ಎಂದಿತು ಫೋನು.

ದಾವಲಮಲಿಕ ಹತ್ತಿ ಮೆತ್ತಿದ ಕೈಯಲ್ಲೇ ಎದ್ದು ಬಂದ. ಸ್ಪೀಕರ್ ಆರಿಸಿ ಫೋನನ್ನು ಧೂಳಪ್ಪಜ್ಜನ ಕಿವಿಗೆ ಹಿಡಿಸಿದ.

“ಎಲ್ಲಾರೂ ಏಳ್ರಿ,” ಎಂದ. “ಇದು ನನ್ನ ಕಟ್ಟಿ. ಮಕ್ಕಳ ಫೋನ್ ಬಂದಾಗ ಮನಿಯಾವ್ರನ್ನ ಬಿಟ್ಟು ಇನ್ನೊಬ್ಬರು ಇಲ್ಲಿ ಕೂಡಬಾರದು. ಏಳ್ರಿ.”

ಎದ್ದೆವು. ಯಾರೂ ಎದುರಾಡಲಿಲ್ಲ. ಆಗ ಬಾಗಿಲಲ್ಲಿ ಫಿರದೋಸ ಕಂಡಳು. ಚೌಕಟ್ಟು ಹಿಡಿದು ನಿಂತಿದ್ದಳು. ಫೋನಿನ ಸದ್ದಿಗೆ ಒಳಗೆ ಹೋಗದೆ ಅವಳು ಹೊರಗೆ ಬಂದದ್ದು ಅದೇ ಮೊದಲು.

“ಅಜ್ಜಾ,” ಎಂದಳು. ದನಿ ಅಷ್ಟು ಸಣ್ಣದಿತ್ತು. “ಊಟ ಆತೇನಂತ ಕೇಳಬ್ಯಾಡ್ರಿ. ಆತು ಅಂತಾನ. ಇವತ್ತ ಯಾರ ಜೋಡಿ ಉಂಡಿ, ಅಂತ ಕೇಳ್ರಿ.”

ಧೂಳಪ್ಪಜ್ಜ ಕೇಳಿದ. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದುಕೊಂಡ. ಆ ಕಡೆಯಿಂದ ಹುಡುಗ ಏನು ಹೇಳಿದನೋ ನಮಗೆ ಗೊತ್ತಿಲ್ಲ. ಗೊತ್ತಾಗಲೂಬಾರದು. ಮರುದಿನ ಮುಂಜಾನೆಯ ಬಸ್ಸಿಗೆ ಯಲ್ಲಾಲಿಂಗನ ಅಪ್ಪ ಮಗನಿದ್ದ ಊರಿಗೆ ಹೊರಟ.

ಫಿರದೋಸ ಒಳಗೆ ಹೋಗಿ ಮಲಗಿದಳು. ಆಮೇಲೆ ಮೂರು ದಿನ ಮಾತಾಡಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳೂ ದೂರದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದ್ದಾರೆ. ಅವರು ಜಾಣರು, ನಿಜ. ಜಾಣರಿಗೂ ಈ ಕಾಯಿಲೆ ಬರುತ್ತದೆ. ದನಿ ಸಣ್ಣದಾಗುತ್ತಾ ಹೋದರೆ, ಸೂಟಿಗೆ ಊರಿಗೆ ಬಾರದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಓದಿನ ಭಾರ ಎಂದು ಬಿಡಬೇಡಿ. ಹೋಗಿ ನೋಡಿ. ಬೈಯಬೇಡಿ. ಕಾಲೇಜಿನ ಸಮಾಲೋಚಕರು ಎಲ್ಲಿ ಕೂರುತ್ತಾರೆ ಎಂದು ಸೇರಿಸುವ ದಿನವೇ ಕೇಳಿಟ್ಟುಕೊಳ್ಳಿ. 14416 ಟೆಲಿ ಮನಸ್ ಸಹಾಯವಾಣಿಯ ನಂಬರು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದನ್ನು ಗೋಡೆಯ ಮೇಲೆ ಬರೆಯಿರಿ, ಮಕ್ಕಳ ಫೋನಿನಲ್ಲೂ ಹಾಕಿ ಕಳಿಸಿ. ಸೋತರೂ ಮನೆಗೆ ಬಾ, ಬಾಗಿಲು ತೆರೆದಿದೆ ಎಂದು ಬಸ್ ಹತ್ತಿಸುವಾಗಲೇ ಹೇಳಿ. ನಾನು ಅಂದಂತೆ ಚೇಷ್ಟೆಗೂ ಅನ್ನಬೇಡಿ.

ಈ ಭಾನುವಾರ ನಿಮ್ಮ ಮಗಳ ಫೋನ್ ಬರುತ್ತದೆ. ಸ್ಪೀಕರ್ ಬಂದ್ ಮಾಡಿ, ಫೋನನ್ನು ಕಿವಿಗೆ ಹಿಡಿದು, ಇವತ್ತು ಯಾರ ಜೋಡಿ ಉಂಡಿ ಎಂದು ಕೇಳಿ. ಅವಳು ಸುಮ್ಮನಾದರೆ ಫೋನ್ ಇಡಬೇಡಿ.